ಗಾಜಿನ ಮೇಲಿನ ಚಂದ್ರ

ಕಲಬುರ್ಗಿಯ ಫೋಟೊ ಅಂಗಡಿಯ, ಚಿತ್ರ ತೊಳೆಯುವ ಮದ್ದಿನ ನಾತ ಮೂಗಿಗೆ ಬಡಿದರೆ ನನಗೆ ಈಗಲೂ ಓಕರಿಕೆ ಬರುತ್ತದೆ.

ನಿಜಾಮರ ಕಾಲ. ಕಮಲಾಪುರದ ನಮ್ಮ ಮನೆಯ ಮಾಳಿಗೆಯ ಮೇಲೆ ಅಣ್ಣ ದುರ್ಬೀನಿಗೆ ಕ್ಯಾಮೆರಾ ಕಟ್ಟಿ, ಗ್ರಹಣದ ಚಂದ್ರನ ಫೋಟೊ ತೆಗೆದಿದ್ದ. ಮರುದಿನ ಮಧ್ಯಾಹ್ನ, ಫೋಟೊ ಮೂಡಿದ್ದ ಗಾಜು ಮದ್ದಿನಲ್ಲಿ ತೊಳೆದಾದ ಮೇಲೆ ಅಡುಗೆಮನೆಯ ಗೂಡಿನಲ್ಲಿ ಒಣಗುತ್ತಿತ್ತು.

“ಗ್ರಹಣ ಹಿಡದ ಚಂದ್ರನ್ನ ಮನ್ಯಾಗ ತಂದಿಟ್ಟಾನ ನೋಡು, ಶಾಣ್ಯಾ! ಹೊರಗ ಇಟ್ಟು ಬಾ,” ಎಂದಳು ಅಜ್ಜಿ.

ನಾನು ಅಷ್ಟಕ್ಕೇ ಬಿಡಲಿಲ್ಲ. ನಾತಕ್ಕೆ ಹೇಸಿ, ಮೈಲಿಗೆಯ ಪಾತ್ರೆ ತೊಳೆಯುವಂತೆ ಬಿಸಿನೀರು ಸುರಿದು ಬೂದಿ ಹಚ್ಚಿ ತಿಕ್ಕಿದೆ. ಚಂದ್ರ ಸಿಂಬಳದಂತೆ ಕರಗಿ ನನ್ನ ಉಗುರುಗಳಲ್ಲಿ ಸೇರಿದ.

ಅಣ್ಣ ಬಂದು ಬರಿಗಾಜನ್ನು ಬೆಳಕಿಗೆ ಹಿಡಿದ. “ಯಾರು ತಿಕ್ಕಿದ್ರು ಇದನ್ನ?”

“ಅಜ್ಜಿ,” ಎಂದೆ.

ಅಜ್ಜಿ ನನ್ನ ಬೆರಳು ನೋಡಿದಳು. “ಹೌದಪಾ, ನಾನೇ,” ಎಂದಳು.

ಅಂದು ಅವಳು ಬಡಿದ ರೊಟ್ಟಿಯನ್ನು ಅಣ್ಣ ಮುಟ್ಟಲಿಲ್ಲ. ಅವನ ಪಾಲನ್ನೂ ನಾನೇ ತಿಂದೆ.