ತೊಳೆದು ಹೊಳಪುಗೊಳಿಸಿದ ಘುಗ್ರಿ

ಟಿಣ್...

ನಡುರಾತ್ರಿಯಲ್ಲಿ ಟ್ರಂಕಿನ ಚಿಲಕ ಸರಿದ ಸಣ್ಣ ಸದ್ದು.

ಸಕ್ರಿಬಾಯಿಗೆ ಎಚ್ಚರವಾಯಿತು. ಕಣ್ಣು ಕಾಣದ ಯಾಡಿ... ಅಂದರೆ ಅವಳ ತಾಯಿ... ಮತ್ತೆ ಟ್ರಂಕಿನೊಳಗೆ ಕೈಯಾಡಿಸುತ್ತಿದ್ದಳು.

"ಆಕಿ ತಂದು ಕೊಟ್ಲಾ?"

"ಇಲ್ಲ ಯಾಡಿ. ಮಲ್ಕೋ."

"ಕೊಡ್ತಾಳ ಬಿಡು. ನಮ್ಮನ್ಯಾಗ ಕುಂತು ರೊಟ್ಟಿ ತಿಂದಾಳ..."

ಯಾಡಿ ಹುಡುಕುತ್ತಿದ್ದದ್ದು ತನ್ನ ಬೆಳ್ಳಿಯ ಘುಗ್ರಿ. ಮದುವೆಯಾದ ಲಂಬಾಣಿ ಹೆಂಗಸರು ಎರಡೂ ಕೆನ್ನೆಯ ಬದಿಗೆ ಇಳಿಬೀಳುವಂತೆ ಕೂದಲಿಗೆ ಕಟ್ಟಿಕೊಳ್ಳುವ ಗೆಜ್ಜೆಯ ಒಡವೆ ಅದು. ಗಂಡ ತೀರಿಕೊಂಡರೆ ಬಿಚ್ಚಿಬಿಡುತ್ತಾರೆ.

ಯಾಡಿಯ ತಲೆಯಿಂದ ಬಿಚ್ಚಿದ ದಿನ ಅದರ ಜೊತೆ ಒಂದಿಷ್ಟು ಕೂದಲೂ ಕಿತ್ತು ಬಂದಿತ್ತು. ಕೊಂಡಿಗೆ ಸುತ್ತಿಕೊಂಡು ಹಾಗೇ ಉಳಿದಿತ್ತು. ಕಣ್ಣು ಹೋದ ಮೇಲೆ ಆ ಕೂದಲನ್ನು ಬೆರಳಲ್ಲಿ ಸವರದೆ ಯಾಡಿ ಮಲಗುತ್ತಿರಲಿಲ್ಲ.

"ನಾ ಹೋಗೋವಾಗ ಇದನ್ನ ತಲಿಗೆ ಕಟ್ಟಿ ಕಳಿಸ್ರಿ. ಇಲ್ಲಂದ್ರ ನಿಮ್ಮಪ್ಪ, ಇದ್ಯಾವ ಮುದುಕಿ ಬಂತಪ್ಪ ಅಂತ ಓಡಿ ಹೋಗ್ತಾನ!" ಎಂದು ನಗುತ್ತಿದ್ದಳು.

ಈಗ ಯಾಡಿ ಹೊರಡುವ ಕಾಲ ಹತ್ತಿರವಾಗಿತ್ತು... ಟ್ರಂಕಿನಲ್ಲಿ ಘುಗ್ರಿ ಇರಲಿಲ್ಲ.

ಅದನ್ನು ಒಯ್ದವಳು ಬೆಂಗಳೂರಿನ ಜ್ಯುವೆಲರಿ ಡಿಸೈನರ್ ನಿಹಾರಿಕಾ. ಊರೂರು ಸುತ್ತಿ ಡಿಸೈನ್ ಹುಡುಕುತ್ತಿದ್ದ ಅವಳು ಕ್ಯಾಮೆರಾ ಹಿಡಿದು ಇವರ ಲಂಬಾಣಿ ತಾಂಡಾಕ್ಕೂ ಬಂದಿದ್ದಳು.

"ಫೋಟೋ ತೆಗೆದು, ಇದೇ ಥರ ಒಂದು ಮಾಡಿಸಿ, ವಾಪಸ್ ಕಳಿಸ್ತೀನಿ ಅಜ್ಜಿ..." ಎಂದಿದ್ದಳು.

ಅಜ್ಜಿ ಎಂದು ಕರೆದವಳನ್ನು ಯಾಡಿ ನಂಬಿ, ಟ್ರಂಕಿನಿಂದ ತೆಗೆದು ಕೊಟ್ಟಳು. ಆಮೇಲೆ ಸಕ್ರಿ ಎಷ್ಟು ಸಲ ಫೋನ್ ಮಾಡಿದರೂ ಆ ಕಡೆ ಬರೀ ರಿಂಗ್...

ಕೊನೆಗೊಂದು ದಿನ ನಿಹಾರಿಕಾಳೇ ಫೋನ್ ಮಾಡಿದಳು. ಘುಗ್ರಿ ಕೊಡಲು ಅಲ್ಲ!

"ಹೊಸಪೇಟೆ ಹೋಟೆಲ್‌ನಲ್ಲಿ ನಮ್ಮ ಎಕ್ಸಿಬಿಷನ್ ಇದೆ. ನಿಮ್ಮ ಡ್ರೆಸ್ ಹಾಕ್ಕೊಂಡು ಬಂದು ಕೂತು ಕಸೂತಿ ಹಾಕಿ. ಜನ ಇಷ್ಟಪಡ್ತಾರೆ."

ಸಕ್ರಿ ಒಪ್ಪಿಕೊಂಡಳು. ಅವಳಿಗೆ ಬೇಕಿದ್ದದ್ದು ಒಂದೇ.

ಎಸಿ ಹಾಲ್. ಗೋಡೆಯ ಮೇಲೆ ಘುಗ್ರಿಯದೇ ದೊಡ್ಡ ಫೋಟೋ. ಕೆಳಗೆ... "ನನ್ನ ಪ್ರಯಾಣ, ನನ್ನ ಸ್ಫೂರ್ತಿ."

ಕೊಂಡೊಯ್ದು ಕೊಡದೇ ಇರುವುದಕ್ಕೆ ಈಗ ಎಷ್ಟು ಚಂದದ ಹೆಸರು!

ಸಕ್ರಿಯ ಪಕ್ಕ ನಿಂತು ಜನ ಸೆಲ್ಫಿ ತೆಗೆದುಕೊಂಡರು. ಅವಳ ಹೆಸರು ಏನೆಂದು ಒಬ್ಬರೂ ಕೇಳಲಿಲ್ಲ.

ಅಷ್ಟರಲ್ಲಿ ಮದುವೆಗೆ ಒಡವೆ ಆರಿಸಲು ಬಂದಿದ್ದ ಒಬ್ಬ ಹುಡುಗಿ ಕನ್ನಡಿಯ ಮುಂದೆ ನಿಂತು ತಲೆ ಅಲ್ಲಾಡಿಸಿದಳು. ಗಿಲ್... ಗಿಲ್...

ಸಕ್ರಿಯ ಸೂಜಿ ಬೆರಳಿಗೆ ಚುಚ್ಚಿತು. ಆ ಸದ್ದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು.

ಕೂದಲಿಗೆ ಕಟ್ಟುವ ಘುಗ್ರಿಗೆ ಓಲೆಯ ಹುಕ್ಕು ಬೆಸೆದಿದ್ದರು!

"ಸೋ ಕ್ಯೂಟ್! ಅತ್ತೆ, ಮೆಹಂದಿ ದಿನಕ್ಕೆ ಇದೇ ಇರ್ಲಿ."

ಸಕ್ರಿ ಎದ್ದು ಹೋದಳು. "ಅದನ್ನ ತಗಿ ತಂಗಿ."

"ಸಕ್ರಿ, ಹೋಗಿ ಕೂತ್ಕೊಳ್ಳಿ. ಕಸ್ಟಮರ್ಸ್ ಮುಂದೆ ಸೀನ್ ಮಾಡ್ಬೇಡಿ," ನಿಹಾರಿಕಾ ಹಲ್ಲು ಕಚ್ಚಿ ಹೇಳಿದಳು.

"ಕೂಡಂಗಿಲ್ರೀ ಅಕ್ಕಾರ. ಅದು ನಮ್ಮವ್ವಂದು. ನಮ್ಮಪ್ಪ ಸತ್ತ ದಿನ ಆಕಿ ತಲಿಯಿಂದ ಬಿಚ್ಚಿದ್ದು. ನೀವು ಅದನ್ನ ಮದುಮಗಳ ಕಿವಿಗೆ ಹಾಕೀರಲ್ರೀ!"

ಸೆಲ್ಫಿ ತೆಗೆಯುತ್ತಿದ್ದವರೆಲ್ಲ ಇತ್ತ ತಿರುಗಿದರು.

"ಅಯ್ಯೋ, ಅಪಶಕುನ! ಬಿಚ್ಚೇ, ಬಿಚ್ಚೇ..." ಹುಡುಗಿಯ ಅತ್ತೆ ತಾನೇ ಕಿತ್ತು, ಮೇಜಿನ ಮೇಲೆ ಎಸೆದಳು. ಸೊಸೆಯಾಗಲಿರುವವಳ ಕಿವಿ ನೊಂದದ್ದೂ ಅವಳಿಗೆ ಬೇಕಿರಲಿಲ್ಲ.

ಸಕ್ರಿಯ ಮೈ ಉರಿದು ಹೋಯಿತು. ಒಂದು ನಿಮಿಷದ ಹಿಂದೆ ಕ್ಯೂಟ್... ಈಗ ಅಪಶಕುನ?

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?" ನಿಹಾರಿಕಾ ರೇಗಿದಳು.

"ನೀವು ಕೇಳಿದ್ರೇನ್ರೀ? ಬೆಳ್ಳಿ ಅಸಲಿ ಐತೇನು ಅಂತ ಕೇಳಿದ್ರಿ. ಎಷ್ಟು ಹಳೇದು ಅಂತ ಕೇಳಿದ್ರಿ. ಹಾಕ್ಕೊಳ್ಳದ ಒಡವಿ ಟ್ರಂಕಿನ್ಯಾಗ ಯಾಕ ಇಟ್ಕೊಂಡಿ ಅಜ್ಜಿ ಅಂತ ಒಂದ್ ಮಾತು ಕೇಳಿದ್ರೇನು?"

ನಿಹಾರಿಕಾ ತಲೆ ತಗ್ಗಿಸಿದಳು. "ಇದಕ್ಕಿಂತ ಚೆನ್ನಾಗಿರೋದು ಹೊಸದು ಮಾಡಿಸಿಕೊಡ್ತೀನಿ..."

"ಹೊಸ ಅವ್ವನ್ನೂ ಮಾಡಿಸಿ ಕೊಡ್ರಿ!"

ಆಗ ಆ ಹುಡುಗಿ ಘುಗ್ರಿಯನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಸಕ್ರಿಯ ಮುಂದೆ ಚಾಚಿದಳು. ಅವಳ ಕಣ್ಣು ತುಂಬಿತ್ತು.

"ಗೊತ್ತಿರ್ಲಿಲ್ಲಕ್ಕ..."

ಸಕ್ರಿ ಕೊಂಡಿಯನ್ನು ತಿರುಗಿಸಿ ನೋಡಿದಳು. ಥಳಥಳ ಹೊಳೆಯುತ್ತಿತ್ತು.

"ಇಲ್ಲಿ ನಮ್ಮವ್ವನ ಕೂದಲ ಇದ್ವು..."

"ಅದಾ... ಗಲೀಜು ಅಂತ ಆಸಿಡ್‌ನಲ್ಲಿ ತೊಳೆಸಿದ್ವಿ," ನಿಹಾರಿಕಾಳ ದನಿ ಸಣ್ಣದಾಯಿತು.

ಸಕ್ರಿ ಘುಗ್ರಿಯನ್ನು ಸೆರಗಿಗೆ ಕಟ್ಟಿಕೊಂಡು ಹೊರಟುಬಿಟ್ಟಳು.

ತಾಂಡಾದ ಹೊರಗೆ, ಕಲ್ಲಿನ ಮೇಲೆ ಕೂತು, ಬೆಸೆದಿದ್ದ ಹುಕ್ಕನ್ನು ತಿರುಚಿ ತಿರುಚಿ ಕಿತ್ತೆಸೆದಳು. ಆಮೇಲೆ ತನ್ನದೇ ತಲೆಯಿಂದ, ಅಂದಿನ ಯಾಡಿಯ ಕೂದಲಿನಂತೆ ನರೆಯದ ಕೂದಲು ಹುಡುಕಿ, ಒಂದಿಷ್ಟು ಕಿತ್ತುಕೊಂಡಳು. ಮೊದಲಿದ್ದ ಹಾಗೆಯೇ ಕೊಂಡಿಗೆ ಸುತ್ತಿದಳು.

ಮನೆಯಲ್ಲಿ ಯಾಡಿ ಘುಗ್ರಿಯನ್ನು ಎದೆಗೊತ್ತಿಕೊಂಡಳು. ಬೆರಳು ನೇರ ಕೊಂಡಿಗೆ ಹೋಯಿತು... ಅಲ್ಲೇ ನಿಂತಿತು.

ಸಕ್ರಿ ಹತ್ತಿರ ಸರಿದು ಕೂತಳು.

"ಹೂಂ... ಅದಾವ." ಯಾಡಿಯ ಬೊಚ್ಚುಬಾಯಿ ಅರಳಿತು. "ನಾ ಹೇಳ್ಲಿಲ್ಲೇನು? ರೊಟ್ಟಿ ತಿಂದಾಕಿ... ಒಳ್ಳೇ ಹುಡುಗಿ. ಜ್ವಾಪಾನ ಇಟ್ಟಿದ್ಲು ನೋಡು."

ನಿಜ ಸಕ್ರಿಯ ಗಂಟಲವರೆಗೆ ಬಂತು. ಸಿಟ್ಟಿನ ಜೊತೆ ಅದನ್ನೂ ನುಂಗಿದಳು.

"ಹೌದು ಯಾಡಿ... ಜ್ವಾಪಾನ ಇಟ್ಟಿದ್ಲು."

ಆ ಹಾಲ್‌ನಲ್ಲಿ ನಡೆದದ್ದನ್ನು ಯಾಡಿಗಾಗಲಿ, ಮನೆಯಲ್ಲಾಗಲಿ, ತಾಂಡಾದ ಯಾರಿಗೇ ಆಗಲಿ ಎಂದೂ ಹೇಳಬಾರದೆಂದು ಅವಳು ಅಲ್ಲೇ ನಿರ್ಧರಿಸಿದಳು.

ಒಡವೆಯ ಅಂದ ಯಾರ ಕಣ್ಣಿಗಾದರೂ ಕಾಣುತ್ತದೆ... ಅದನ್ನು ಬಿಚ್ಚಿಟ್ಟವರ ನೋವು, ಕೇಳಿದವರಿಗೆ ಮಾತ್ರ ತಿಳಿಯುತ್ತದೆ.

ನಿಮ್ಮ ಬಳಿ ಇರುವ ಆ ಚಂದದ 'ಟ್ರೈಬಲ್' ಒಡವೆ... ಅದು ಯಾರ ಮೈಮೇಲಿಂದ ಬಂತು ಎಂದು ಒಮ್ಮೆಯಾದರೂ ಕೇಳಿದ್ದೀರಾ?