ರೋಬೋಟಿನ ಉಪವಾಸ

"ಬ್ರೆಡ್ಡಿನ ಮೇಲೆ ಬೆಣ್ಣೆ ಇಡು" ಎಂದು ಊನಾ ಗಟ್ಟಿಯಾಗಿ ಓದಿದಳು. ಜಾಫರ್ ಬೆಣ್ಣೆಯ ಡಬ್ಬಿಯನ್ನೇ ಎತ್ತಿ, ಮುಚ್ಚಳವನ್ನೂ ತೆಗೆಯದೆ ಬ್ರೆಡ್ಡಿನ ಮೇಲೆ ಕೂರಿಸಿದ. ಕ್ಯಾಸಲ್‌ನಾಕ್ ಎಂಬ ಊರಿನ ಆ ಶಾಲೆಯ ಐದನೇ ತರಗತಿ ಬಿದ್ದು ಬಿದ್ದು ನಕ್ಕಿತು.

ಕೋಡಿಂಗ್ ಕಲಿಸಲು ಬಂದಿದ್ದ ಜಾಫರ್ ಅಂದು ರೋಬೋಟ್ ಆಗಿದ್ದ. ಮಕ್ಕಳು ಬರೆದದ್ದನ್ನು ಬರೆದ ಹಾಗೆಯೇ ಮಾಡುತ್ತೇನೆ, ಬೇರೇನೂ ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದ. ಜೊತೆಗೊಂದು ಭಾಷಣವನ್ನೂ ಬಿಗಿದಿದ್ದ: ಪ್ರೋಗ್ರಾಮ್ ಒಬ್ಬರೇ ಒಬ್ಬರಿಗೆ ಒಗ್ಗದಿದ್ದರೂ ತಪ್ಪು ಪ್ರೋಗ್ರಾಮಿನದು, ಆ ಮನುಷ್ಯನದಲ್ಲ. ಹಾಗೆನ್ನುವಾಗ ಮೂರನೇ ಸಾಲಿನಲ್ಲಿ ಕೂತಿದ್ದ ಮಗಳು ಮರಿಯಮ್ ಕಡೆ ನೋಡಿ ಎದೆ ಉಬ್ಬಿಸಿಯೂ ಇದ್ದ.

ನಾಲ್ಕನೇ ಸಲಕ್ಕೆ ಮಕ್ಕಳು ಪಳಗಿದರು. ಮುಚ್ಚಳ ತೆಗೆದದ್ದಾಯಿತು, ಬೆಣ್ಣೆ ಸವರಿದ್ದಾಯಿತು, ಬ್ರೆಡ್ ಕೈಗೆ ಬಂತು. ಊನಾ ಹನ್ನೊಂದನೇ ಸಾಲು ಓದಿದಳು: "ತಿನ್ನು."

ಬಾಯಿಯವರೆಗೆ ಹೋದ ಕೈ ಅಲ್ಲೇ ನಿಂತಿತು. ರಂಜಾನ್ ತಿಂಗಳು! ಮಕ್ಕಳನ್ನು ನಗಿಸುವ ಹುಮ್ಮಸ್ಸಿನಲ್ಲಿ ಅವನಿಗೆ ಮರೆತೇ ಹೋಗಿತ್ತು. ತಿಂದರೆ ಉಪವಾಸ ಹೋಯಿತು, ತಿನ್ನದಿದ್ದರೆ ಕೊಟ್ಟ ಮಾತು ಹೋಯಿತು, ಅದೂ ಮಗಳ ಕಣ್ಣೆದುರಿಗೆ.

"ಅಬ್ಬು ಫಾಸ್ಟಿಂಗ್!" ಮರಿಯಮ್ ಎದ್ದು ಕೂಗಿದಳು.

"ತಪ್ಪು ನಂದೇ ಮಕ್ಕಳೇ. ಸೂರ್ಯ ಮುಳುಗೋವರೆಗೂ ನಾನೇನೂ ತಿನ್ನಂಗಿಲ್ಲ. ಮೊದಲೇ ಹೇಳಬೇಕಿತ್ತು," ಎಂದು ಜಾಫರ್ ತಡವರಿಸಿದ.

"ನಿಮ್ಮದು ಹೇಗಾಗುತ್ತೆ? ತಪ್ಪು ಪ್ರೋಗ್ರಾಮಿಂದು," ಊನಾ ಗದರಿದಳು. 'ತಿನ್ನು' ಎಂಬ ಸಾಲಿನ ಮೇಲ್ಗಡೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ತುರುಕಿ ಓದಿದಳು: "ಉಪವಾಸ ಇದ್ದರೆ, ಸೂರ್ಯ ಮುಳುಗುವವರೆಗೆ ಕಾಯುತ್ತಿರು."

"ಗ್ರ್ಯಾಂಡ್!" ಜಾಫರ್ ನಿಟ್ಟುಸಿರಿಟ್ಟು ಬ್ರೆಡ್ಡನ್ನು ಮೇಜಿನ ಮೇಲಿಡಲು ಹೋದ.

"ಇಡೋ ಹಾಗಿಲ್ಲ. ನೀವೀಗ ಕಾಯ್ತಾ ಇದ್ದೀರಿ," ಎಂದಳು ಊನಾ.

ಶಾಲೆಯ ಬೆಲ್ ಹೊಡೆಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅಷ್ಟು ಹೊತ್ತೂ ಅವನು ಬ್ರೆಡ್ ಹಿಡಿದ ಕೈಯನ್ನು ಗಾಳಿಯಲ್ಲಿಟ್ಟುಕೊಂಡು ಕಂಬದ ಹಾಗೆ ನಿಂತ. ಮರಿಯಮ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೆಲ್ ಹೊಡೆದ ಮೇಲೆ ಊನಾ ಆ ಬ್ರೆಡ್ಡನ್ನು ಜೋಪಾನವಾಗಿ ತನ್ನ ಊಟದ ಡಬ್ಬಿಗೆ ಹಾಕಿಕೊಂಡಳು. ಮಕ್ಕಳಾಟ ಮುಗಿಯಿತು ಎಂದುಕೊಂಡು ಜಾಫರ್ ಮನೆಗೆ ಬಂದ.

ಸಂಜೆ ಸೂರ್ಯ ಮುಳುಗುತ್ತಲೇ ಕುಲ್ಸುಮ್ ಉಪವಾಸ ಬಿಡಲು ಗಂಡನ ಕೈಗೆ ಖರ್ಜೂರ ಕೊಟ್ಟಳು. ಅವನು ಅದನ್ನು ಬಾಯಿಗಿಟ್ಟದ್ದೇ ತಡ, ಬಾಗಿಲು ಬಡಿದ ಸದ್ದಾಯಿತು. ಹೊರಗೆ ಡಬ್ಬಿ ಹಿಡಿದ ಊನಾ, ಅವಳ ಹಿಂದೆ ಅವಳಮ್ಮ.

"ಹನ್ನೆರಡನೇ ಸಾಲು ಬಾಕಿ ಇದೆ. 'ತಿನ್ನು'," ಎಂದಳು ಊನಾ.

ಬ್ರೆಡ್ ಒಣಗಿ ಸೆಟೆದಿತ್ತು. ಜಾಫರ್ ಹೊಸ್ತಿಲಲ್ಲೇ ನಿಂತು ತಿಂದ. ಒಂದು ಚೂರನ್ನೂ ಬಿಡಲಿಲ್ಲ. ಅಷ್ಟರಲ್ಲಿ ಊನಾ ತನಗೆಂದು ತಂದಿದ್ದ ಇನ್ನೊಂದು ತುಂಡನ್ನು ಡಬ್ಬಿಯಿಂದ ತೆಗೆದು ಗಬಗಬನೆ ನುಂಗತೊಡಗಿದಳು.

"ಸ್ಕೂಲಿಂದ ಬಂದಾಗಿಂದ ಒಂದು ಬಿಸ್ಕತ್ತೂ ಮುಟ್ಟಿಲ್ಲ ನೋಡಿ," ಎಂದರು ಅವಳಮ್ಮ.

"ಟೆಸ್ಟ್ ಮಾಡ್ತಾ ಇದ್ದೆ," ಊನಾ ಬಾಯಿ ತುಂಬ ಬ್ರೆಡ್ ಇಟ್ಟುಕೊಂಡೇ ಹೇಳಿದಳು. "ಹೊಸ ಸಾಲು ಕೆಲಸ ಮಾಡುತ್ತೆ. ಆದ್ರೆ ಭಾರೀ ಸ್ಲೋ!"