ಹಳೆಯ ಒಂಟೆ ದಾರಿ

ಧನರಾಜ್ ಜೀಪಿನ ಕೀ ಜೇಬಿಗಿಳಿಸಿ, ಬಿಳಿ ಒಂಟೆಯ ಹಗ್ಗ ಬಿಚ್ಚಿದ. ಗುಡಾರದಲ್ಲಿ ಅವನ ಕಫೀಲ್, ವೀಸಾ ಕೊಟ್ಟು ಕರೆಸಿಕೊಂಡ ಅರಬ್ ಧಣಿ, ಮಧ್ಯಾಹ್ನದ ನಿದ್ದೆಯಲ್ಲಿದ್ದ. ಧನರಾಜ್ ಅವನನ್ನು ಬಾಬಾ ಎಂದೇ ಕರೆಯುತ್ತಿದ್ದ. ಮುದುಕನಿಗೆ ಉಳಿದದ್ದು ಕಣಿವೆಯ ಈ ಬಿಡಾರ, ಈ ಒಂದು ಒಂಟೆ. ಇವೆರಡೇ ಅವನ ಲೋಕ.

ಬೆಳಿಗ್ಗೆಯಿಂದ ಧನರಾಜ್ ಕಾಲು ಹಿಡಿದು ಬೇಡಿದ್ದ. ಬಾಬಾ ಒಲ್ಲೆನೆಂದು ತಲೆಯಾಡಿಸಿ ಮಗ್ಗುಲು ಬದಲಿಸಿದ್ದ, ಅಷ್ಟೇ.

ಮೊಬೈಲ್ ಅದುರಿತು. ಗೆಳೆಯ ರುಡಾಲ್ಫ್. ಸಬ್ಹಾನಿನಿಂದ ಪಿಕಪ್ ತಂದು ಮುತ್ಲಾ ಬೆಟ್ಟದ ಮೇಲಿನ ರಸ್ತೆಯಲ್ಲಿ ಕಾಯುತ್ತಿದ್ದ.

"ಎಲ್ಲಿದ್ದಿ ಮಾರಾಯಾ? ಆ ಬದಿಯಲ್ಲಿ ಬಂದಾಯಿತಂತೆ. ನಿನ್ನಲ್ಲಿಗೆ ಮುಟ್ಟಲಿಕ್ಕೆ ಹೆಚ್ಚು ಹೊತ್ತು ಬೇಡ."

"ಹೊರಟೆ, ಪೊರ್ಬುಲೆ." ರುಡಾಲ್ಫನನ್ನು ಅವನು ಊರಿನ ರೂಢಿಯಂತೆ ಹಾಗೇ ಕರೆಯುತ್ತಿದ್ದ.

"ಮುದುಕ ಕೇಸು ಹಾಕಿದರೆ ಊರಿನ ಮುಖ ಮರೆತುಬಿಡು."

"ಹಾಕಲಿ. ಮೇಲೆ ಮುಟ್ಟುವ ಮೊದಲು ಅವನ ಕೈಗೆ ಸಿಕ್ಕಿದರೆ ಮಾತ್ರ ಖಲಾಸ್."

ಜೀಪಿನ ದಾರಿ ಕಣಿವೆಯ ತಳದಲ್ಲೇ ಹೋಗುತ್ತಿತ್ತು. ಅದನ್ನು ಬಿಟ್ಟು ಅವನು ಪಕ್ಕದ ದಿಣ್ಣೆ ಹತ್ತಿದ. ಹಿಂದೆ ಬಸ್ರಾಕ್ಕೆ ಹೋಗಿಬರುತ್ತಿದ್ದ ಒಂಟೆಸಾಲುಗಳು ಬಂಡೆಯಲ್ಲಿ ಸವೆಸಿದ ಹಾದಿ ಅದು. ತೋರಿಸಿಕೊಟ್ಟವನು ಬಾಬಾನೇ. ಎಷ್ಟೋ ಸಂಜೆ ತಾನೇ ಚಹಾ ಬಗ್ಗಿಸಿ ಕೊಡುತ್ತಾ, ತನ್ನಜ್ಜ ಎಲ್ಲಿ ತಿರುಗುತ್ತಿದ್ದ, ಎಲ್ಲಿ ಒಂಟೆಗಳನ್ನು ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದ ಎಂದು ಹೇಳಿದ್ದ.

ಉತ್ತರದ ಆಕಾಶ ಮಸುಕಾಗಿತ್ತು.

ಒಂಟೆ ಅರಚಿತು. ಹಗ್ಗ ಜಗ್ಗಿದವನು ಧನರಾಜನೇ.

"ಕಳ್ಳ! ನನ್ನ ಉಪ್ಪು ತಿಂದ ಕಳ್ಳ!"

ಬಾಬಾ ಬರಿಗಾಲಲ್ಲೇ, ಕೋಲೆತ್ತಿಕೊಂಡು ಬರುತ್ತಿದ್ದ. ಧನರಾಜ್ ಓಡಿದ. ತಿರುಗಿ ನೋಡಿದ. ಮತ್ತೆ ಓಡಿದ. ಕಡಿದಾದ ತಿರುವಿನಲ್ಲಿ ಮುದುಕ ಏದುಸಿರು ಬಿಡುತ್ತಾ ಕುಸಿದಾಗ ಧನರಾಜನೂ ನಿಂತ. ತನ್ನ ನೀರಿನ ಬಾಟಲಿಯನ್ನು ಬಂಡೆಯ ಮೇಲಿಟ್ಟು ಮುಂದೆ ಸರಿದ. ಬಾಬಾ ಕುಡಿದ, ಏಳಲಿಲ್ಲ.

"ಇಷ್ಟೇ ಏನು ನಿನ್ನ ಪೌರುಷ? ಹೋಗಿ ಮಲಗು! ಒಂಟೆಯನ್ನು ಸಂಜೆಯೊಳಗೆ ಮಾರುತ್ತೇನೆ!"

ಕೂಗುತ್ತಲೇ ಅವನು ಉತ್ತರದ ಕಡೆ ನೋಡಿದ.

ಬಾಬಾ ಎದ್ದ.

ಬೆಟ್ಟದ ನೆತ್ತಿಯಲ್ಲಿ ರುಡಾಲ್ಫ್ ಕೈಬೀಸುತ್ತಿದ್ದ. ಇನ್ನು ಹತ್ತು ಹೆಜ್ಜೆ ಓಡಿದ್ದರೆ ಪಿಕಪ್. ಧನರಾಜ್ ಓಡಲಿಲ್ಲ. ಒಂಟೆಯ ಪಕ್ಕದಲ್ಲೇ ನೆಲಕ್ಕೆ ಕುಳಿತುಬಿಟ್ಟ.

ಬಾಬಾ ಬಂದವನೇ ಕೋಲಿನಿಂದ ಹೊಡೆದ. ಮತ್ತೆ ಹೊಡೆದ. ಧನರಾಜ್ ಕೈ ಅಡ್ಡ ಹಿಡಿಯಲಿಲ್ಲ. ಹತ್ತಿಬಂದ ಕಡೆಗೆ ಬೆರಳು ತೋರಿಸಿದ.

ಉತ್ತರದಲ್ಲಿ ಸುರಿದ ಮಳೆ ಕಣಿವೆಗೆ ಇಳಿದಿತ್ತು. ಗುಡಾರವಿದ್ದಲ್ಲಿ ಕೆಂಪು ನೀರು ಆಳೆತ್ತರಕ್ಕೆ ಮೊರೆಯುತ್ತಿತ್ತು.